ಮುಚ್ಚಿದ ಜೌಗಿಗೆ ಬದಲಿ ಜೌಗು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ, ಅಂಗಡಿ, ರಸ್ತೆ ಕಟ್ಟಲು ಒಂದು ಕಡೆ ಜೌಗು ನೆಲ ಮುಚ್ಚಿದವರು ಇನ್ನೊಂದು ಕಡೆ ಜೌಗು ನೆಲ ಮಾಡಿಕೊಡಬೇಕು. ಈ ನಿಯಮ ಅಮೆರಿಕದಲ್ಲಿ ದಶಕಗಳಿಂದ ದೊಡ್ಡ ಪ್ರಮಾಣದಲ್ಲಿ ನಡೆದುಬಂದಿದೆ. ಏನು ಫಲ ಕೊಟ್ಟಿತು, ಏನು ಕೈಕೊಟ್ಟಿತು ಎಂಬುದಕ್ಕೆ ಅಲ್ಲಿ ಸಾಕಷ್ಟು ದಾಖಲೆ ಇದೆ. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ಅಲ್ಲಿನ ಕಾನೂನು ಮತ್ತು ಅಲ್ಲಿನ ಅನುಭವವನ್ನು ಹಿಡಿದು ಬರೆದವು.

ಜೌಗು ಅಂದ್ರೆ ಸದಾ ನೀರು ನಿಂತಿರುವ ಜಾಗ ತಾನೇ?

ಅಲ್ಲ. ವರ್ಷದ ಬಹುಪಾಲು ಒಣಗಿ, ಮೇಲೆ ನಡೆದರೆ ಕಾಲಿಗೆ ಕೆಸರೂ ಅಂಟದ ಜೌಗುಗಳಿವೆ. ಜಗಳ ಶುರುವಾಗುವುದೇ ಇಲ್ಲಿಂದ. ಜಮೀನು ಕೊಂಡವರು ಬೇಸಿಗೆಯಲ್ಲಿ ಬಂದು ನೋಡಿ, "ಇಲ್ಲೆಲ್ಲಿದೆ ಜೌಗು?" ಎಂದು ಕೇಳುತ್ತಾರೆ.

ಅಮೆರಿಕದ ಸೇನಾ ಎಂಜಿನಿಯರ್‌ಗಳ ದಳ 1987ರಲ್ಲಿ ಇದಕ್ಕೊಂದು ಕೈಪಿಡಿ ಮಾಡಿತು. ಅದರ ಪ್ರಕಾರ ಮೂರು ಗುರುತು ನೋಡಬೇಕು: ನೀರು, ಮಣ್ಣು, ಗಿಡ. ನೀರಿನ ಲೆಕ್ಕ ಸರಳ. ಗಿಡ ಬೆಳೆಯುವ ಕಾಲದಲ್ಲಿ ಸುಮಾರು ಎರಡು ವಾರ ಒಂದೇ ಸಮನೆ ನೀರು ನೆಲದ ಮೇಲೋ, ಒಂದು ಅಡಿಯೊಳಗೋ ಇರಬೇಕು. ಹತ್ತು ವರ್ಷದಲ್ಲಿ ಐದು ವರ್ಷವಾದರೂ ಹೀಗಾದರೆ ಸಾಕು.

ಆದರೆ ನಿಜ ಹೇಳುವುದು ಮಣ್ಣು. ಸಲಿಕೆಯಲ್ಲಿ ಒಂದು ಅಡಿ ಅಗೆದು, ಮಣ್ಣಿನ ಹೆಂಟೆಯನ್ನು ಕೈಯಲ್ಲಿ ಮುರಿದು ನೋಡಿ. ಕೆಂಪೋ ಕಂದೋ ಇರಬೇಕಾದ ಮಣ್ಣು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಬೇರು ಹೋದ ಸಣ್ಣ ಸಣ್ಣ ದಾರಿಗಳ ಸುತ್ತ ಮಾತ್ರ ತುಕ್ಕಿನ ಬಣ್ಣದ ಗೆರೆ, ಚುಕ್ಕೆ ಕಾಣುತ್ತವೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಕಬ್ಬಿಣವನ್ನು ಬಳಸಿಕೊಳ್ಳುತ್ತವೆ, ಕಬ್ಬಿಣ ಕರಗಿ ಹೋಗುತ್ತದೆ, ಬೂದು ಉಳಿಯುತ್ತದೆ. ಬೇರಿನ ಪಕ್ಕ ಒಂದಿಷ್ಟು ಗಾಳಿ ಸಿಕ್ಕಲ್ಲಿ ಮತ್ತೆ ತುಕ್ಕು ಕಟ್ಟುತ್ತದೆ. ಕೆಲವು ಕಡೆ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಇಷ್ಟು ಕಂಡರೆ, ಬೇಸಿಗೆಯಲ್ಲಿ ನೆಲ ಎಷ್ಟೇ ಬಿರುಕು ಬಿಟ್ಟಿರಲಿ, ಅದು ಜೌಗಾಗಿರುವ ಸಾಧ್ಯತೆಯೇ ಹೆಚ್ಚು.

ಇಷ್ಟು ದಿನ ಮುಚ್ಚಿಕೊಂಡೇ ಬಂದಿದ್ದಾರಲ್ವಾ, ಈಗ ಏಕೆ ಚಿಂತೆ?

ಮುಚ್ಚಿದ್ದು ಮಾತ್ರ ಅಲ್ಲ, ಮುಚ್ಚಿ ಎಂದು ಸರ್ಕಾರವೇ ಹುರಿದುಂಬಿಸಿತ್ತು. 1849, 1850, 1860ರ ಕಾಯ್ದೆಗಳು ಜೌಗು ನೆಲವನ್ನು ನೀರು ಬಸಿದು ಸಾಗುವಳಿ ಮಾಡಿಸಲೆಂದೇ ರಾಜ್ಯಗಳಿಗೆ ಬಿಟ್ಟುಕೊಟ್ಟವು. ಫಲ ಏನಾಯಿತು? ಅಲಾಸ್ಕಾ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ 1780ರ ದಶಕದಲ್ಲಿ ಸುಮಾರು 22.1 ಕೋಟಿ ಎಕರೆ ಜೌಗು ಇತ್ತು. 1980ರ ದಶಕಕ್ಕೆ 10.4 ಕೋಟಿ ಎಕರೆಗೆ ಇಳಿಯಿತು. ಅರ್ಧಕ್ಕಿಂತ ಜಾಸ್ತಿ ಹೋಯಿತು.

ಹೋದದ್ದು ಬರೀ ಹಕ್ಕಿ, ಕಪ್ಪೆಗಳ ಮನೆಯಲ್ಲ. ಮಳೆ ನೀರನ್ನು ತಡೆದು ನಿಧಾನವಾಗಿ ಬಿಡುವ ಜಾಗ ಹೋಯಿತು. ಹೊಲದ ಗೊಬ್ಬರದ ನೈಟ್ರೇಟ್ ನದಿ ಸೇರುವ ಮೊದಲೇ ಅದನ್ನು ಗಾಳಿಗೆ ಕಳಿಸುವ ಕೆಸರು ಹೋಯಿತು.

ಹಾಗಾದ್ರೆ ಬದಲಿ ಕೊಟ್ಟರೆ ಮುಚ್ಚಬಹುದಾ?

ಈ ಪ್ರಶ್ನೆಯಲ್ಲೇ ಒಂದು ತಪ್ಪು ತಿಳುವಳಿಕೆ ಇದೆ. ಬದಲಿ ಕೊಡುವುದು ಮೂರನೇ ಮೆಟ್ಟಿಲು. ಬಹಳ ಜನ ನೇರ ಅಲ್ಲಿಗೇ ಹಾರುತ್ತಾರೆ.

1972ರ ಶುದ್ಧ ನೀರಿನ ಕಾಯ್ದೆಯ 404ನೇ ವಿಧಿಯ ಪ್ರಕಾರ ಜೌಗಿಗೆ ಮಣ್ಣು ತುಂಬಲು ಪರವಾನಗಿ ಬೇಕು. ಆ ಪರವಾನಗಿಗೆ ಯಾವ ಕ್ರಮದಲ್ಲಿ ನಡೆಯಬೇಕೆಂದು ಎಂಜಿನಿಯರ್ ದಳ ಮತ್ತು ಪರಿಸರ ಸಂರಕ್ಷಣಾ ಸಂಸ್ಥೆ 1990ರಲ್ಲಿ ಒಪ್ಪಂದ ಮಾಡಿಕೊಂಡವು. ಮೊದಲು, ಜೌಗನ್ನು ಮುಟ್ಟದೇ ಕೆಲಸ ಆಗುತ್ತದಾ ನೋಡಿ. ಆಗದಿದ್ದರೆ ಹಾನಿ ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಮಾಡಿ. ಅಷ್ಟಾದ ಮೇಲೂ ಉಳಿಯುವ ನಷ್ಟಕ್ಕೆ ಬದಲಿ ಕೊಡಿ. ಕಟ್ಟಡವನ್ನು ಇನ್ನೂರು ಅಡಿ ಆಚೆ ಸರಿಸಿದರೆ ಸಾಕು ಅನ್ನುವ ಕಡೆ ಬದಲಿಯ ಮಾತೇ ಏಳಬಾರದು.

ಇದರ ಹಿಂದೆ "ಒಟ್ಟು ಲೆಕ್ಕದಲ್ಲಿ ನಷ್ಟ ಇಲ್ಲ" ಎಂಬ ಗುರಿ ಇದೆ. 1988ರ ಚುನಾವಣೆಯಲ್ಲಿ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಈ ಮಾತು ಕೊಟ್ಟರು. ಮುಂದೆ ಬಂದ ಸರ್ಕಾರಗಳೂ ಅದನ್ನೇ ಹೇಳುತ್ತಾ ಬಂದವು. "ಒಟ್ಟು ಲೆಕ್ಕ" ಎಂಬ ಎರಡು ಪದ ಎಷ್ಟನ್ನೆಲ್ಲ ಮುಚ್ಚಿಹಾಕುತ್ತವೆ ಎಂಬುದು ಮುಂದಿನ ಉತ್ತರಗಳಲ್ಲಿ ಗೊತ್ತಾಗುತ್ತದೆ.

ಪರವಾನಗಿ ಕೊಡುವವರು ಯಾರು?

ಕೇಂದ್ರ ಮಟ್ಟದಲ್ಲಿ ಎಂಜಿನಿಯರ್ ದಳ. ಅದರ ಮೇಲೆ ಪರಿಸರ ಸಂರಕ್ಷಣಾ ಸಂಸ್ಥೆಗೆ ತಡೆ ಹಾಕುವ ಅಧಿಕಾರ ಇದೆ. ಕೆಲವು ರಾಜ್ಯಗಳಿಗೆ ತಮ್ಮದೇ ಕಾನೂನೂ ಇದೆ. ಮಿನ್ನೆಸೋಟದ 1991ರ ಜೌಗು ಸಂರಕ್ಷಣಾ ಕಾಯ್ದೆಯಲ್ಲಿ ತೀರ್ಮಾನ ಮಾಡುವುದು ನಗರಾಡಳಿತ, ಕೌಂಟಿಯಂಥ ಸ್ಥಳೀಯ ಸಂಸ್ಥೆಗಳೇ.

ರಾಜ್ಯದ ಕಾನೂನು ಈಗ ಜಾಸ್ತಿ ಮುಖ್ಯವಾಗಿದೆ. 2023ರ ಮೇ ತಿಂಗಳಲ್ಲಿ ಸ್ಯಾಕೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಕಾಯ್ದೆಯ ವ್ಯಾಪ್ತಿಯನ್ನು ಚಿಕ್ಕದು ಮಾಡಿತು. ನದಿ, ಸರೋವರಗಳಂಥ ನೀರಿಗೆ ಮೇಲ್ಮೈಯಲ್ಲಿ ಎಡೆಬಿಡದೆ ಕೂಡಿಕೊಂಡಿರುವ ಜೌಗಿಗೆ ಮಾತ್ರ ಆ ಕಾಯ್ದೆಯ ರಕ್ಷಣೆ ಎಂದಿತು. ಒಂಟಿಯಾಗಿರುವ ತಗ್ಗುಗಳು ಹೊರಗೆ ಬಿದ್ದವು. ನೆಲದಡಿಯಲ್ಲಿ ನೀರು ಹೇಗೆ ಓಡಾಡುತ್ತದೆ ಎಂಬುದಕ್ಕೂ ಕೋರ್ಟ್ ಎಳೆದ ಗೆರೆಗೂ ಸಂಬಂಧ ಕಡಿಮೆ. ಆದರೂ ಈಗ ಕಾನೂನು ಅದೇ.

ಬದಲಿ ಜೌಗು ಮಾಡುವುದು ಹೇಗೆ?

ನಾಲ್ಕು ದಾರಿ ಇವೆ. ಹಿಂದೆ ಜೌಗಾಗಿದ್ದು ಬತ್ತಿಸಿದ ನೆಲವನ್ನು ಮತ್ತೆ ಜೌಗು ಮಾಡುವುದು. ಎಂದೂ ಜೌಗಲ್ಲದ ಕಡೆ ಹೊಸದಾಗಿ ಮಾಡುವುದು. ಹಾಳಾದ ಜೌಗನ್ನು ಸುಧಾರಿಸುವುದು. ಇರುವ ಒಳ್ಳೆಯ ಜೌಗನ್ನು ಕೊಂಡು ಕಾಪಾಡುವುದು.

ಮೊದಲನೆಯದಕ್ಕೇ ನನ್ನ ಮತ, ನಿಯಮದಲ್ಲೂ ಅದಕ್ಕೇ ಆದ್ಯತೆ. ಕಾರಣ ಸರಳ. ಆ ತಗ್ಗು ಈಗಲೂ ಅಲ್ಲೇ ಇದೆ, ಮಣ್ಣೂ ಅದೇ, ನೀರಿಗೂ ಆ ದಾರಿ ಗೊತ್ತು. ಮಿನ್ನೆಸೋಟ, ಅಯೋವಾ ಕಡೆಯ ಹೊಲಗಳ ಅಡಿಯಲ್ಲಿ ನೀರು ಬಸಿಯಲು ಕೊಳವೆ ಹೂತಿದ್ದಾರೆ. ಕೊಳವೆಯ ಒಂದು ತುಂಡು ಕಿತ್ತು ಬಾಯಿ ಮುಚ್ಚಿ, ಚರಂಡಿಗೆ ಮಣ್ಣಿನ ಅಡ್ಡಗಟ್ಟೆ ಹಾಕಿದರೆ ತಗ್ಗಿಗೆ ನೀರು ವಾಪಸ್ ಬರುತ್ತದೆ. ಮಣ್ಣಿನಲ್ಲಿ ಮಲಗಿದ್ದ ಹಳೆಯ ಬೀಜಗಳೂ ಮೊಳೆಯುತ್ತವೆ. ಆದರೆ ನೆಲ ಎಷ್ಟು ವರ್ಷ ಉಳುಮೆಯಲ್ಲಿತ್ತೋ ಅಷ್ಟು ಬೀಜ ಸತ್ತಿರುತ್ತವೆ. ನೀರಿನೊಳಗಿನ ಗಿಡಗಳು ಬೇಗ ಬರುತ್ತವೆ. ಅಂಚಿನ ತೇವದ ಹುಲ್ಲುಗಾವಲು ತೀರಾ ತಡ, ಕೆಲವೊಮ್ಮೆ ಬರುವುದೇ ಇಲ್ಲ.

ನಾಲ್ಕನೆಯ ದಾರಿ, ಅಂದರೆ ಇರುವುದನ್ನು ಕಾಪಾಡುವುದು, ಒಳ್ಳೆಯ ಕೆಲಸವೇ. ಆದರೆ ಲೆಕ್ಕ ಹಾಕಿ ನೋಡಿ: ಎರಡು ಜೌಗು ಇದ್ದವು, ಒಂದನ್ನು ಮುಚ್ಚಿ ಇನ್ನೊಂದಕ್ಕೆ ಬೇಲಿ ಹಾಕಿದೆವು. ಉಳಿದದ್ದು ಒಂದೇ. ಅದಕ್ಕೇ ಈ ದಾರಿಗೆ ವಿಶೇಷ ಸಂದರ್ಭದಲ್ಲಷ್ಟೇ ಒಪ್ಪಿಗೆ.

ಒಂದು ಎಕರೆಗೆ ಎರಡು ಎಕರೆ ಕೇಳುವುದು ದಂಡವಾ?

ದಂಡ ಅಲ್ಲ, ಅಪಾಯದ ಲೆಕ್ಕ. ಹೊಸದು ಕೈಕೊಡಬಹುದು. ಗೆದ್ದರೂ ಹಳೆಯದರ ಮಟ್ಟಕ್ಕೆ ಬರಲು ವರ್ಷಗಳು ಬೇಕು, ಅಷ್ಟು ದಿನದ ನಷ್ಟಕ್ಕೂ ಏನಾದರೂ ಕೊಡಬೇಕಲ್ಲ. ಮಿನ್ನೆಸೋಟದಲ್ಲಿ ಹಳೆಯ ಜೌಗುಗಳು ಹೆಚ್ಚಾಗಿ ಅಳಿದುಹೋಗಿರುವ ಭಾಗಗಳಲ್ಲಿ ಸಾಮಾನ್ಯವಾಗಿ ಒಂದಕ್ಕೆ ಎರಡು. ಶೇ 80ಕ್ಕಿಂತ ಜಾಸ್ತಿ ಉಳಿದಿರುವ ಉತ್ತರದ ಕಡೆ ಒಂದಕ್ಕೆ ಒಂದು.

ಜೌಗಿನ ಬ್ಯಾಂಕ್ ಅಂತಾರಲ್ಲ, ಅದೇನು?

ಯಾರೋ ಒಬ್ಬರು ದೊಡ್ಡ ಜಾಗದಲ್ಲಿ ಮೊದಲೇ ಜೌಗನ್ನು ಸರಿಮಾಡಿ ಇಟ್ಟಿರುತ್ತಾರೆ. ಅದಕ್ಕೆ ಸರ್ಕಾರ ಇಷ್ಟು ಕ್ರೆಡಿಟ್ ಎಂದು ಲೆಕ್ಕ ಕಟ್ಟುತ್ತದೆ. ಬೇರೆ ಕಡೆ ಜೌಗು ಮುಚ್ಚುವವರು ಆ ಕ್ರೆಡಿಟ್ ಕೊಳ್ಳುತ್ತಾರೆ. ಕ್ರೆಡಿಟ್ ಕೊಂಡ ಕೂಡಲೇ ಬದಲಿ ಜೌಗಿನ ಹೊಣೆ ಬಿಲ್ಡರ್‌ನಿಂದ ಬ್ಯಾಂಕ್ ನಡೆಸುವವರ ಹೆಗಲಿಗೆ ಬೀಳುತ್ತದೆ.

ಬದಲಿ ಕೊಡಲು ಇದು ಒಂದು ಬಗೆ. ಎರಡನೆಯ ಬಗೆಯಲ್ಲಿ ಬಿಲ್ಡರ್ ಒಂದು ಸರ್ಕಾರಿ ಸಂಸ್ಥೆಗೋ ಲಾಭದ ಉದ್ದೇಶವಿಲ್ಲದ ಸಂಸ್ಥೆಗೋ ದುಡ್ಡು ಕಟ್ಟುತ್ತಾರೆ. ಅವರು ದುಡ್ಡು ಒಟ್ಟು ಮಾಡಿ ಮುಂದೆ ಜೌಗು ಮಾಡುತ್ತಾರೆ. "ಮುಂದೆ" ಎಂಬುದೇ ಇಲ್ಲಿನ ತೊಂದರೆ. ಅದಕ್ಕೇ ಕ್ರೆಡಿಟ್ ಮಾರಿದ ಮೇಲೆ ಮೂರನೇ ಬೆಳೆ ಹಂಗಾಮು ಮುಗಿಯುವುದರೊಳಗೆ ಜಾಗ ಕೊಂಡು ಮೊದಲ ಹಂತದ ಕೆಲಸ ಮುಗಿಸಬೇಕು ಎಂದು ಎಂಜಿನಿಯರ್ ದಳ ಮತ್ತು ಪರಿಸರ ಸಂರಕ್ಷಣಾ ಸಂಸ್ಥೆಯ 2008ರ ನಿಯಮ ಗಡುವು ಹಾಕಿತು. ಮೂರನೆಯ ಬಗೆಯಲ್ಲಿ ಬಿಲ್ಡರೇ ಸ್ವತಃ ಮಾಡಿಕೊಡುತ್ತಾರೆ.

2008ರ ನಿಯಮ ಇದೇ ಕ್ರಮದಲ್ಲಿ ಆದ್ಯತೆ ಕೊಟ್ಟಿದೆ: ಬ್ಯಾಂಕ್ ಮೊದಲು, ದುಡ್ಡು ಕಟ್ಟುವುದು ಆಮೇಲೆ, ಸ್ವಂತ ಕೆಲಸ ಕೊನೆಗೆ. ಲೇಔಟ್ ಮಾರಿ ಹೋಗುವವರಿಗೆ ಅದರ ಮೂಲೆಯ ಕಾಲು ಎಕರೆ ಕೆಸರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಆಸಕ್ತಿ ಎಲ್ಲಿಂದ ಬರಬೇಕು? ಅಂಥವು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಹಾಗಿದ್ರೆ ಬ್ಯಾಂಕೇ ಒಳ್ಳೆಯದಲ್ವಾ?

ಕೆಲಸ ಮೊದಲೇ ನಡೆದಿರುತ್ತದೆ, ಜಾಗ ದೊಡ್ಡದಿರುತ್ತದೆ, ನೋಡಿಕೊಳ್ಳುವವರಿರುತ್ತಾರೆ. ಇಷ್ಟು ಒಳ್ಳೆಯದು. ಆದರೆ ಬ್ಯಾಂಕ್ ಮಾಡುವವರು ಜಾಗ ಎಲ್ಲಿ ಹುಡುಕುತ್ತಾರೆ? ಭೂಮಿ ಅಗ್ಗವಿರುವ ಕಡೆ. ಜೌಗು ಮುಚ್ಚುವುದು ಎಲ್ಲಿ? ಭೂಮಿಗೆ ಬೇಡಿಕೆ ಇರುವ ಕಡೆ. 2006ರಲ್ಲಿ ಫ್ಲಾರಿಡಾದ ಬ್ಯಾಂಕ್‌ಗಳ ಮೇಲೆ ನಡೆದ ಒಂದು ಅಧ್ಯಯನ ಇದನ್ನೇ ತೋರಿಸಿತು. ಜೌಗುಗಳು ಜನ ದಟ್ಟವಾಗಿರುವ ಜಾಗದಿಂದ ಜನ ಕಡಿಮೆ ಇರುವ ಹಳ್ಳಿಗಾಡಿಗೆ ವಲಸೆ ಹೋಗಿದ್ದವು.

ಹಕ್ಕಿಗಳಿಗೆ ಹಳ್ಳಿಗಾಡು ಚೆನ್ನಾಗಿಯೇ ಇರಬಹುದು. ಆದರೆ ಪಟ್ಟಣದ ತಗ್ಗಿನ ಬೀದಿಗೆ ನುಗ್ಗುವ ನೀರನ್ನು ದೂರದ ಜೌಗು ಹಿಡಿಯಲಾರದು. ಒಂದೇ ನದಿಯ ಜಲಾನಯನದೊಳಗೆ ಬದಲಿ ಕೊಡಬೇಕು ಎಂಬ ನಿಯಮ ಇರುವುದು ಇದಕ್ಕೇ. ಆದರೆ ಆ ಜಲಾನಯನದ ಗೆರೆಯನ್ನು ಎಷ್ಟು ಅಗಲಕ್ಕೆ ಎಳೆಯುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ನನ್ನನ್ನು ಕೇಳಿದರೆ, ಪ್ರವಾಹ ತಡೆಯುವ ಜೌಗಿನ ಬದಲಿ ಅದೇ ಹಳ್ಳದ ಮೇಲ್ಭಾಗದಲ್ಲೇ ಆಗಬೇಕು, ದುಡ್ಡು ಎಷ್ಟೇ ಜಾಸ್ತಿ ಬೀಳಲಿ.

ಗುಂಡಿ ತೋಡಿ, ನೀರು ತುಂಬಿಸಿ, ಜೊಂಡು ನೆಟ್ಟರೆ ಆಗಲ್ವಾ?

ಗುಂಡಿ ಆಗುತ್ತದೆ, ಜೌಗು ಆಗುವುದಿಲ್ಲ. ಜೌಗಿನ ತಳ ತಟ್ಟೆಯಂತಿರಬೇಕು, ಬಕೆಟ್‌ನಂತಲ್ಲ. ಅಂಚು ಸಣ್ಣ ಇಳಿಜಾರಿನಲ್ಲಿದ್ದರೆ ನೀರು ಅರ್ಧ ಅಡಿ ಏರಿಳಿದಾಗಲೂ ಅಗಲವಾದ ಒಂದು ಪಟ್ಟಿ ಒದ್ದೆಯಾಗಿ ಒಣಗುತ್ತದೆ. ಗಿಡಗಳ ವೈವಿಧ್ಯ ಇರುವುದು ಆ ಪಟ್ಟಿಯಲ್ಲೇ. ಕಡಿದಾದ ಅಂಚಿನ ಆಳದ ಹೊಂಡದಲ್ಲಿ ಆ ಪಟ್ಟಿಗೆ ಜಾಗವೇ ಇಲ್ಲ.

ಇದು ದೇಶದ ಲೆಕ್ಕದಲ್ಲೂ ಕಾಣುತ್ತದೆ. 2009ರಿಂದ 2019ರವರೆಗೆ 48 ರಾಜ್ಯಗಳಲ್ಲಿ ಒಟ್ಟು 2.21 ಲಕ್ಷ ಎಕರೆ ಜೌಗು ಕಡಿಮೆಯಾಯಿತು ಎಂದು ಮೀನು ಮತ್ತು ವನ್ಯಜೀವಿ ಇಲಾಖೆ 2024ರಲ್ಲಿ ವರದಿ ಕೊಟ್ಟಿತು. ಆದರೆ ಗಿಡಗಂಟಿ ಇರುವ ಜೌಗು ಕಡಿಮೆಯಾದದ್ದು 6.7 ಲಕ್ಷ ಎಕರೆ! ವ್ಯತ್ಯಾಸ ತುಂಬಿಕೊಟ್ಟದ್ದು ಹೊಂಡಗಳಂಥ ಗಿಡವಿಲ್ಲದ ಜಾಗಗಳು. ಎಕರೆ ಎಣಿಸಿದರೆ ನಷ್ಟ ಮೂರನೇ ಒಂದು ಭಾಗವಷ್ಟೇ ಕಾಣುತ್ತದೆ.

ಇನ್ನು ನೆಡುವ ವಿಷಯ. ಒಹಾಯೊ ವಿಶ್ವವಿದ್ಯಾಲಯವೊಂದರಲ್ಲಿ ವಿಲಿಯಂ ಮಿಟ್ಷ್ ಮತ್ತು ಸಂಗಡಿಗರು ಒಲೆಂಟಾಂಜಿ ನದಿ ಪಕ್ಕ ತಲಾ ಒಂದು ಹೆಕ್ಟೇರಿನ ಎರಡು ಜೌಗು ಮಾಡಿದರು. 1994ರಲ್ಲಿ ಒಂದಕ್ಕೆ 13 ಜಾತಿಯ ಸುಮಾರು 2,500 ಗಿಡ ನೆಟ್ಟರು. ಇನ್ನೊಂದನ್ನು ಸುಮ್ನೆ ಬಿಟ್ಟರು. ಎರಡಕ್ಕೂ ಅದೇ ನದಿಯ ನೀರನ್ನು ಸಮನಾಗಿ ಹರಿಸಿದರು. ಕೆಲವೇ ವರ್ಷಗಳಲ್ಲಿ ಬಿಟ್ಟದ್ದರಲ್ಲೂ ತಾನಾಗಿ ಗಿಡ ತುಂಬಿಕೊಂಡವು, ಬಹಳ ವಿಷಯಗಳಲ್ಲಿ ಎರಡೂ ಹತ್ತಿರ ಹತ್ತಿರ ಬಂದವು. ನೀರು ಸರಿಯಾಗಿ ಬಂದರೆ ಬೀಜ ಅದರ ಜೊತೆಗೇ ಬರುತ್ತದೆ ಎಂದಾಯಿತು. ಅದಕ್ಕೆ ನದಿಯ ಸಂಪರ್ಕ ಮಾತ್ರ ಬೇಕು. ನಾಲ್ಕೂ ಕಡೆ ರಸ್ತೆ, ಪಾರ್ಕಿಂಗ್ ಇರುವ ಒಂಟಿ ತಗ್ಗಿಗೆ ಈ ಭಾಗ್ಯ ಇಲ್ಲ. ಅಲ್ಲಿಗೆ ಮೊದಲು ಬರುವುದು ಕಳೆ.

ಕೊನೆಗೂ, ಇದೆಲ್ಲ ಫಲ ಕೊಟ್ಟಿದೆಯಾ?

ಅರ್ಧಂಬರ್ಧ. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಪರವಾನಗಿಗಳ ಲೆಕ್ಕ ತೆಗೆದು ನೋಡಿತು. ಕಾಗದದ ಮೇಲೆ ಮುಚ್ಚಿದ ಪ್ರತಿ ಎಕರೆಗೆ ಸುಮಾರು 1.8 ಎಕರೆ ಬದಲಿ ಕೇಳಲಾಗಿತ್ತು. ಆದರೂ ನಷ್ಟವಿಲ್ಲದ ಗುರಿ ಮುಟ್ಟಿಲ್ಲ ಎಂದೇ ಮಂಡಳಿ ತೀರ್ಮಾನ ಹೇಳಿತು. ಕೆಲವು ಬದಲಿಗಳು ಆಗಲೇ ಇಲ್ಲ. ಆದವುಗಳಲ್ಲಿ ಕೆಲವು ಷರತ್ತಿಗೆ ತಕ್ಕಂತೆ ಇರಲಿಲ್ಲ. ಷರತ್ತು ಪೂರೈಸಿದವೂ ಹಳೆಯ ಜೌಗಿನ ಕೆಲಸ ಮಾಡುತ್ತಿವೆ ಎನ್ನುವಂತಿರಲಿಲ್ಲ.

2012ರ ಇನ್ನೊಂದು ದೊಡ್ಡ ಅಧ್ಯಯನ ಜಗತ್ತಿನ ಬೇರೆ ಬೇರೆ ಕಡೆಯ 621 ಜೌಗುಗಳನ್ನು ಒಟ್ಟಿಗೆ ನೋಡಿತು. ಸರಿಮಾಡಿ ನೂರು ವರ್ಷ ಕಳೆದ ಮೇಲೂ ಜೀವಸಂಕುಲ ಮೂಲ ಜೌಗುಗಳಿಗಿಂತ ಸರಾಸರಿ ಶೇ 26ರಷ್ಟು, ಮಣ್ಣಿನ ಇಂಗಾಲ, ಸಾರಜನಕದಂಥ ಲೆಕ್ಕಗಳು ಶೇ 23ರಷ್ಟು ಹಿಂದೆಯೇ ಇದ್ದವು. ನೂರು ಹೆಕ್ಟೇರಿಗಿಂತ ದೊಡ್ಡವು ಮತ್ತು ಬೆಚ್ಚಗಿನ ಪ್ರದೇಶದವು ಬೇಗ ಸುಧಾರಿಸಿದವು.

ಸರಾಸರಿಗಿಂತ ಒಂದು ಜೌಗಿನ ಕತೆಯೇ ಚೆನ್ನಾಗಿ ಅರ್ಥವಾಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಕೊಲ್ಲಿಯಲ್ಲಿ ಹೆದ್ದಾರಿ ಅಗಲ ಮಾಡಲು ಮತ್ತು ಪ್ರವಾಹದ ಕಾಲುವೆಗಾಗಿ ಉಪ್ಪುನೀರಿನ ಜೌಗನ್ನು ಹಾಳುಗೆಡವಲಾಯಿತು. ಅಲ್ಲಿ ಅಳಿವಿನಂಚಿನ ಹಕ್ಕಿಯೊಂದಿತ್ತು, ನಮ್ಮ ಹುಂಡುಕೋಳಿಯ ಕುಟುಂಬದ್ದು, ಹೆಸರು ಲೈಟ್‌ಫೂಟೆಡ್ ರೈಲ್. ಅದಕ್ಕೆ ಮನೆ ಮಾಡಿಕೊಡಿ ಎಂಬುದು ಷರತ್ತು. 1984ರಿಂದ ಅಲ್ಲಿ ಹೊಸ ಜೌಗು ತಯಾರಾಯಿತು. ಉಬ್ಬರದ ನೀರು ಬಂತು, ಕಾರ್ಡ್‌ಗ್ರಾಸ್ ಎಂಬ ಹುಲ್ಲು ನೆಟ್ಟರು, ಹುಲ್ಲು ಹಸಿರಾಗಿ ಹಬ್ಬಿತು. ದೂರದಿಂದ ನೋಡಿದರೆ ಯಾವ ಕೊರತೆಯೂ ಇಲ್ಲ.

ಹಕ್ಕಿ ಮಾತ್ರ ಅಲ್ಲಿ ಗೂಡು ಕಟ್ಟಲಿಲ್ಲ. ಈ ಹಕ್ಕಿಯ ಗೂಡು ಉಬ್ಬರ ಬಂದಾಗ ನೀರಿನ ಜೊತೆ ಮೇಲೇಳುತ್ತದೆ, ಸುತ್ತಲಿನ ಹುಲ್ಲಿನ ಕಡ್ಡಿಗಳು ಅದನ್ನು ಹಿಡಿದಿಡುತ್ತವೆ. ಮೇಲೆ ಹುಲ್ಲು ಬಾಗಿ ಗಿಡುಗನ ಕಣ್ಣಿಗೆ ಮರೆ ಮಾಡುತ್ತದೆ. ಅಂದರೆ ಹುಲ್ಲು ಎತ್ತರ ಇರಬೇಕು, ದಟ್ಟ ಇರಬೇಕು. ಹೊಸ ಜೌಗಿನಲ್ಲಿ ಅದು ಗಿಡ್ಡವಾಗಿಯೇ ಉಳಿಯಿತು. ಪರಿಸರ ವಿಜ್ಞಾನಿ ಜಾಯ್ ಜೆಡ್ಲರ್ ಮತ್ತು ಅವರ ವಿದ್ಯಾರ್ಥಿಗಳು ಕಾರಣ ಹುಡುಕಿದಾಗ ಸಿಕ್ಕಿದ್ದು ಮಣ್ಣು. ಜೌಗು ಕಟ್ಟಿದ್ದು ಮರಳು ಮಣ್ಣಿನಲ್ಲಿ. ಅದು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಯೂರಿಯಾ ಹಾಕಿದರು, ಹುಲ್ಲು ಎತ್ತರಕ್ಕೆ ಬೆಳೆಯಿತು. ನಿಲ್ಲಿಸಿದರು, ಮತ್ತೆ ಗಿಡ್ಡ. ಸಾಲದ್ದಕ್ಕೆ ಹುಲ್ಲಿಗೆ ಶಲ್ಕ ಕೀಟ ಮುತ್ತಿಕೊಂಡಿತು. ಅದನ್ನು ತಿನ್ನುವ ಜೀರುಂಡೆಗೆ ಉಬ್ಬರದ ಹೊತ್ತಿನಲ್ಲಿ ಏರಿ ಕೂರಲು ಎತ್ತರದ ಹುಲ್ಲಿಲ್ಲದೇ ಹೀಗಾಯಿತೇನೋ ಎಂದು ಸಂಶೋಧಕರು ಊಹಿಸಿದರು. ವರ್ಷಗಟ್ಟಲೆ ಅಳತೆ ಮಾಡಿದ ಮೇಲೆ, ಈ ಜಾಗ ಷರತ್ತಿನ ಮಟ್ಟ ಮುಟ್ಟುವ ಲಕ್ಷಣ ಇಲ್ಲ ಎಂಬ ತೀರ್ಮಾನಕ್ಕೆ ಬಂದರು.

ನೀರು ಇತ್ತು, ಹುಲ್ಲು ಇತ್ತು, ಎಕರೆಯೂ ಸರಿ ಇತ್ತು.

ಬದಲಿಯೇ ಕೊಡಲಾಗದ ಜೌಗು ಇದೆಯಾ?

ಇದೆ. ಪೀಟ್ ಜೌಗು. ಅಲ್ಲಿ ಸತ್ತ ಪಾಚಿ, ಗಿಡ ಕೊಳೆಯದೇ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಲೆಕ್ಕದಲ್ಲಿ ಪದರ ಕಟ್ಟುತ್ತದೆ. ಎರಡು ಮೀಟರ್ ಪೀಟ್ ಅಂದರೆ ಎರಡು ಸಾವಿರ ವರ್ಷ. ಐದು ವರ್ಷದ ಯೋಜನೆಯಲ್ಲಿ ಅದನ್ನು ಮಾಡಿಕೊಡುತ್ತೇವೆ ಎನ್ನುವುದು ಕಣ್ಣಿಗೆ ಮಣ್ಣೆರಚುವ ಮಾತು. ಅಂತರ್ಜಲದ ಊಟೆಯಿಂದ ಬದುಕುವ ಫೆನ್ ಜೌಗುಗಳೂ ಹಾಗೆಯೇ. ಆ ಊಟೆಯನ್ನು ಬೇರೆ ಕಡೆ ಹುಟ್ಟಿಸಲಾಗದು. 2008ರ ನಿಯಮ ಇವನ್ನು ಬದಲಿ ಕೊಡಲು ಕಷ್ಟವಾದವು ಎಂದು ಹೆಸರಿಸಿ, ಸಾಧ್ಯವಾದಷ್ಟೂ ಮುಟ್ಟಬೇಡಿ ಎನ್ನುತ್ತದೆ.

ಹಳೆಯ ರಸ್ತೆ ದುರಸ್ತಿಗೆ ಸ್ವಲ್ಪ ಅಗಲ ಮಾಡಿದರೂ ಬದಲಿ ಬೇಕಾ?

ಸಾಮಾನ್ಯವಾಗಿ ಬೇಕು. ಸಣ್ಣ ಪಂಚಾಯಿತಿಯಂಥ ಸಂಸ್ಥೆಗಳಿಗೆ ಪ್ರತಿ ಸಲ ಕಾಲು ಅರೆ ಎಕರೆಗೆ ಜಾಗ ಹುಡುಕುವುದು ಹೊರೆ. ಮಿನ್ನೆಸೋಟದಲ್ಲಿ 1996ರಿಂದ ಸುರಕ್ಷತೆಗಾಗಿ ನಡೆಯುವ ಸ್ಥಳೀಯ ರಸ್ತೆ ಕೆಲಸಗಳಿಗೆ ರಾಜ್ಯದ ಮಂಡಳಿಯೇ ಬದಲಿ ಒದಗಿಸುತ್ತದೆ. ಜಾಣತನದ ಏರ್ಪಾಡು. ರಾಜ್ಯದ ಬಜೆಟ್‌ನಲ್ಲಿ ಹಣ ಬರುತ್ತಿರುವಷ್ಟು ದಿನ.

ಮಳೆನೀರು ಇಂಗಿಸುವ ಹೊಂಡವನ್ನೇ ಬದಲಿ ಎಂದು ತೋರಿಸಬಹುದಾ?

ಸಾಮಾನ್ಯವಾಗಿ ಇಲ್ಲ. ಅದು ರಸ್ತೆಯ ಎಣ್ಣೆ, ಹೂಳು ಹಿಡಿಯಲು ಇರುವುದು. ಆಗಾಗ ಬಗೆದು ಹೂಳು ತೆಗೆಯಲೇಬೇಕು.

ಮನೆ ಹತ್ತಿರ ಜೌಗು ಮಾಡಿದರೆ ಸೊಳ್ಳೆ ಕಾಟ ಜಾಸ್ತಿಯಾಗಲ್ವಾ?

ಹೊಸದರಲ್ಲಿ ಆಗಬಹುದು. ಸೊಳ್ಳೆ ಮೊದಲು ಬರುತ್ತದೆ, ಅದರ ಮರಿ ತಿನ್ನುವ ಕೊಡತಿಹುಳದ ಮರಿ, ನೀರಿನ ಜೀರುಂಡೆ, ಮೀನು ಆಮೇಲೆ ಬರುತ್ತವೆ. ನೀರು ಅಲುಗಾಡುವಂತೆ, ಏರಿಳಿಯುವಂತೆ ಮಾಡಿದ ಜೌಗಿನಲ್ಲಿ ಕಾಟ ತಗ್ಗುತ್ತದೆ. ಒಂದು ಮಾತು: ಟೈರು, ಹೂಕುಂಡದ ತಟ್ಟೆ, ಕಟ್ಟಿಕೊಂಡ ಚರಂಡಿಯನ್ನು ಬಿಟ್ಟು ಜೌಗನ್ನೊಂದೇ ದೂರುವುದು ಅನ್ಯಾಯ.

ಎಷ್ಟು ವರ್ಷ ನೋಡಿಕೊಳ್ಳಬೇಕು?

ಕಡಿಮೆ ಎಂದರೆ ಐದು ವರ್ಷ ಅಳತೆ, ವರದಿ. ಮರಗಳಿರುವ ಜೌಗಿಗೆ ಇನ್ನೂ ಹೆಚ್ಚು, ಏಕೆಂದರೆ ಐದು ವರ್ಷದಲ್ಲಿ ಮರ ಇನ್ನೂ ಕೋಲು. ಬ್ಯಾಂಕ್‌ಗಳಿಗೆ ಕ್ರೆಡಿಟ್ ಒಂದೇ ಸಲ ಬಿಡುವುದಿಲ್ಲ. ಜಾಗಕ್ಕೆ ಶಾಶ್ವತ ರಕ್ಷಣೆಯ ಪತ್ರ ಆದಾಗ ಒಂದಿಷ್ಟು, ನೀರು ಸರಿಯಾಗಿ ನಿಂತಾಗ ಒಂದಿಷ್ಟು, ಗಿಡ ಮಟ್ಟಕ್ಕೆ ಬಂದಾಗ ಉಳಿದದ್ದು.

ಐದು ವರ್ಷದ ನಂತರದ ಕತೆಯೇ ನಿಜವಾದ ತಲೆನೋವು. ಅಮೆರಿಕದ ಮಧ್ಯ ಪಶ್ಚಿಮದಲ್ಲಿ ರೀಡ್ ಕೆನರಿ ಎಂಬ ಹುಲ್ಲು ಒಮ್ಮೆ ಹೊಕ್ಕರೆ ಉಳಿದ ಗಿಡಗಳನ್ನೆಲ್ಲ ತುಳಿದು ತಾನೊಂದೇ ನಿಲ್ಲುತ್ತದೆ. ಅದನ್ನು ಕೀಳಲು, ಸುಡಲು ಪ್ರತಿ ವರ್ಷ ಆಳು ಬೇಕು, ದುಡ್ಡು ಬೇಕು. ಅದಕ್ಕಾಗಿ ಶಾಶ್ವತ ನಿಧಿ ಇಟ್ಟಿದ್ದಾರಾ, ಹೊಣೆ ಯಾರ ಹೆಸರಿನಲ್ಲಿದೆ ಎಂದು ಪರವಾನಗಿಯಲ್ಲೇ ಬರೆದಿರಬೇಕು.

ನಾನು ಅಲ್ಲಿನ ನಿವಾಸಿ. ಜೌಗು ಮುಚ್ಚುವ ಅರ್ಜಿ ಬಂದಿದೆ. ಏನು ಕೇಳಲಿ?

ಎಂಜಿನಿಯರ್ ದಳ ಪ್ರಕಟಣೆ ಹೊರಡಿಸಿ ಸಾಮಾನ್ಯವಾಗಿ 15ರಿಂದ 30 ದಿನ ಅಭಿಪ್ರಾಯ ಕೇಳುತ್ತದೆ. "ಪರಿಸರ ಉಳಿಸಿ" ಎಂದಷ್ಟೇ ಬರೆದರೆ ಅದು ಕಡತದ ತಳ ಸೇರುತ್ತದೆ. ನಿರ್ದಿಷ್ಟವಾಗಿ ಕೇಳಿ. ಬೇರೆ ಜಾಗ ನೋಡಿದ್ದೀರಾ, ನೋಡಿದ್ದರೆ ಏಕೆ ಬಿಟ್ಟಿರಿ? ಬದಲಿ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ, ಒಣ ವರ್ಷದಲ್ಲೂ ಬರುತ್ತದಾ? ಅಲ್ಲಿನ ಮಣ್ಣನ್ನು ಅಗೆದು ನೋಡಿದ ದಾಖಲೆ ಎಲ್ಲಿ? ಈ ಜೌಗು ಹಿಡಿಯುತ್ತಿದ್ದ ಮಳೆನೀರು ಇನ್ನು ಮುಂದೆ ಯಾರ ಅಂಗಳಕ್ಕೆ ಹೋಗುತ್ತದೆ? ಹಳೆಯ ಪ್ರವಾಹದ ಫೋಟೋ ಇದ್ದರೆ ದಿನಾಂಕ ಹಾಕಿ ಲಗತ್ತಿಸಿ.

ಪರವಾನಗಿ ಸಿಕ್ಕ ಮೇಲೂ ಕೆಲಸ ಇದೆ. ಬದಲಿ ಜಾಗದ ವಾರ್ಷಿಕ ವರದಿಗಳನ್ನು ಮಾಹಿತಿ ಹಕ್ಕಿನ ಕಾಯ್ದೆಯಡಿ ಕೇಳಬಹುದು. ಮೂರನೇ ವರ್ಷ ಒಮ್ಮೆ ಹೋಗಿ ನೋಡಿ. ರಸ್ತೆಯ ಕಡೆಯಿಂದ ಹೊರಹೋಗುವ ತೂಬಿನ ಕಡೆಗೆ ನಡೆಯಿರಿ. ತೂಬು ಕಿತ್ತುಹೋಗಿ ನೀರೆಲ್ಲ ಬಸಿದುಹೋಗಿರುವುದು, ಇಲ್ಲವೇ ಒಂದೇ ಜಾತಿಯ ಹುಲ್ಲು ಎದೆಯೆತ್ತರ ಬೆಳೆದಿರುವುದು, ಇವೆರಡೂ ವರದಿಯಲ್ಲಿ ಬರದೇ ಹೋಗಬಹುದಾದ ಸಂಗತಿಗಳು. ಕಂಡರೆ ಐದನೇ ವರ್ಷದ ವರದಿ ಒಪ್ಪಿಗೆಯಾಗುವ ಮೊದಲೇ ಬರೆದು ತಿಳಿಸಿ. ಒಪ್ಪಿಗೆಯಾದ ಮೇಲೆ ಭದ್ರತೆಯ ಠೇವಣಿ ವಾಪಸ್ ಹೋಗಿರುತ್ತದೆ, ಸರಿಮಾಡಿ ಎಂದು ಹಿಡಿದು ಕೇಳಲು ಯಾರ ಜುಟ್ಟೂ ಕೈಗೆ ಸಿಗುವುದಿಲ್ಲ.